ಮೊದಲು ಆಯಿಲ್ ಏರಿಸಿ, ಆಮೇಲೆ ಸ್ಟಾರ್ಟ್ ಮಾಡಿ
ಹಳೇ ಷೆವ್ರೊಲೆ ಸಿ10 ಟ್ರಕ್‌ನ 350 ವಿ8 ಇಂಜಿನ್ನನ್ನು ಮನೆಯಲ್ಲೇ ಬಿಚ್ಚಿ ಕಟ್ಟಿದ್ದರೆ, ಕೀ ತಿರುಗಿಸುವ ಮುಂಚೆ ಡಿಸ್ಟ್ರಿಬ್ಯೂಟರ್ (ಸ್ಪಾರ್ಕ್ ಪ್ಲಗ್‌ಗಳಿಗೆ ಕರೆಂಟ್ ಹಂಚುವ ಭಾಗ) ತೆಗೆದು, ಆ ತೂತಿನಲ್ಲಿ ಪ್ರೈಮಿಂಗ್ ಟೂಲ್ (ಪಂಪ್ ತಿರುಗಿಸುವ ಉದ್ದನೆಯ ಸಲಾಕೆ) ಇಳಿಸಿ, ಆಯಿಲ್ ಪಂಪನ್ನು ಡ್ರಿಲ್‌ನಿಂದ ತಿರುಗಿಸಿ. ಮೇಲಿನಿಂದ ನೋಡಿದರೆ ಗಡಿಯಾರದ ಮುಳ್ಳಿನ ದಿಕ್ಕು. (ಫೋರ್ಡ್ 302 ಇಂಜಿನ್‌ನಲ್ಲಿ ಉಲ್ಟಾ, ಹುಷಾರು.) ಷೆವ್ರೊಲೆಯ ಈ ಇಂಜಿನ್‌ನಲ್ಲಿ ಪಂಪ್ ಓಡುವುದೇ ಡಿಸ್ಟ್ರಿಬ್ಯೂಟರ್ ಶಾಫ್ಟ್‌ನಿಂದ. ಹಾಗಾಗಿ ಇಂಜಿನ್ ಓಡದೆಯೇ ಬೇರಿಂಗ್‌ಗಳಿಗೆ, ವಾಲ್ವ್ ತೆರೆಸುವ ಲಿಫ್ಟರ್‌ಗಳಿಗೆ ಆಯಿಲ್ ತಲುಪುತ್ತದೆ. ಪ್ರೆಶರ್ ಬಂದಾಗ ಡ್ರಿಲ್ ತಿಣುಕುವುದು ಕೈಗೇ ಗೊತ್ತಾಗುತ್ತದೆ. ಆದರೂ ಮೇಲೆ ವಾಲ್ವ್‌ಗಳನ್ನು ಒತ್ತುವ 16 ರಾಕರ್‌ಗಳಲ್ಲೂ ಆಯಿಲ್ ಜಿನುಗುವವರೆಗೆ ನಿಲ್ಲಿಸಬೇಡಿ. ನಡುನಡುವೆ ಕ್ರ್ಯಾಂಕನ್ನು (ಇಂಜಿನ್‌ನ ಮುಖ್ಯ ಶಾಫ್ಟ್) ಕೈಯಿಂದ ಕಾಲು ಸುತ್ತು ತಿರುಗಿಸಿ. ಸುಮ್ನೆ ಉದ್ದನೆಯ ಸ್ಕ್ರೂಡ್ರೈವರ್ ಇಳಿಸಿದರೆ ಸಾಲದು. ಡಿಸ್ಟ್ರಿಬ್ಯೂಟರ್‌ನ ಮೈಯೇ ಇಲ್ಲಿ ಆಯಿಲ್ ದಾರಿಗೆ ಒಂದು ಗೋಡೆ. ಅದಿಲ್ಲದಿದ್ದರೆ ಆಯಿಲ್ ಅಲ್ಲೇ ಸೋರಿ, ಒಂದು ಸಾಲಿನ ರಾಕರ್‌ಗಳು ಒಣಗಿಯೇ ಇರುತ್ತವೆ. ಆ ಸೋರಿಕೆ ತಡೆಯುವ ಕಾಲರ್ (ಬಳೆ) ಇರುವ ಟೂಲ್ ತಗೊಳ್ಳಿ, ಇಲ್ಲವೇ ಗೇರ್ ತೆಗೆದ ಹಳೇ ಡಿಸ್ಟ್ರಿಬ್ಯೂಟರ್ ಬಳಸಿ. ಕ್ಯಾಮ್ ಶಾಫ್ಟ್‌ನ ಲೋಬ್‌ಗಳಿಗೆ (ಲಿಫ್ಟರ್ ಎತ್ತುವ ಉಬ್ಬುಗಳಿಗೆ) ಮಾತ್ರ ಈ ಉಪಾಯ ನಡೆಯಲ್ಲ. ಅವಕ್ಕೆ ಆಯಿಲ್ ಸಿಗುವುದು ಇಂಜಿನ್ ಓಡುವಾಗ ಚಿಮ್ಮುವುದರಿಂದ, ಅಲ್ಲಿಯವರೆಗೆ ಕಟ್ಟುವಾಗ ಹಚ್ಚಿದ ಅಸೆಂಬ್ಲಿ ಲ್ಯೂಬೇ ಗತಿ. ಹಾಂ, ಡಿಸ್ಟ್ರಿಬ್ಯೂಟರ್ ತೆಗೆಯುವ ಮುಂಚೆ ಅದರೊಳಗೆ ತಿರುಗುವ ರೋಟರ್ ಎತ್ತ ಮುಖ ಮಾಡಿದೆ ಅಂತ ಗುರುತು ಹಾಕಿಕೊಳ್ಳಿ. ಆಮೇಲೆ ಕ್ರ್ಯಾಂಕನ್ನು ಮೊದಲಿದ್ದ ಜಾಗಕ್ಕೇ ತಂದು, ಡಿಸ್ಟ್ರಿಬ್ಯೂಟರನ್ನು ಅದೇ ಗುರುತಿಗೆ ಕೂರಿಸಿ.