ಗಡ್ಡೆಯೋ ಡಿಮೈಲಿನೇಷನ್ನೋ: ಎಂಆರ್‌ಐ ಓದುವಾಗ ನಾನು ನೋಡುವುದು

ಮೆದುಳಿನಲ್ಲಿ ದೊಡ್ಡ ಕಲೆ ಕಂಡರೆ ಎಲ್ಲರ ಯೋಚನೆಯೂ ಗಡ್ಡೆಯ ಕಡೆಗೇ ಓಡುತ್ತದೆ. ಆದರೆ ಡಿಮೈಲಿನೇಷನ್, ಅಂದರೆ ನರಗಳ ಮೈಲಿನ್ ಪೊರೆ ಹಾಳಾಗುವ ಕಾಯಿಲೆಯೂ ಕೆಲವು ಸಲ 2 ಸೆಂ.ಮೀ.ಗಿಂತ ದೊಡ್ಡದಾಗಿ, ಥೇಟ್ ಗಡ್ಡೆಯ ಹಾಗೇ ಕಾಣುತ್ತದೆ. ಔಷಧಿಗೆ ಇಳಿಯುವ ಕಾಯಿಲೆಗೆ ತಲೆಬುರುಡೆ ತೆರೆಯಬಾರದು ಅಲ್ವಾ? ಹಾಗಾಗಿ ಇಂಥ ಸ್ಕ್ಯಾನ್ ಬಂದರೆ ನಾನು ಅವಸರ ಮಾಡುವುದಿಲ್ಲ.

ಒಬ್ಬ ಯುವತಿಯ ಸ್ಕ್ಯಾನ್ ಹೇಳುತ್ತೇನೆ. ಎಡಗೈ ಬಲ ಕುಂದಿತ್ತು. ಮೆದುಳಿನ ಬಲಗಡೆ 4 ಸೆಂ.ಮೀ. ಕಲೆ. ವೈದ್ಯರ ಚೀಟಿಯಲ್ಲಿ ‘ಗ್ಲಿಯೋಮಾ?’ ಎಂದಿತ್ತು, ಅಂದರೆ ಮೆದುಳಿನಲ್ಲೇ ಹುಟ್ಟುವ ಒಂದು ಬಗೆಯ ಗಡ್ಡೆಯ ಅನುಮಾನ. ಅಷ್ಟು ದೊಡ್ಡ ಗಡ್ಡೆಯಾಗಿದ್ದರೆ ಸುತ್ತ ಊತ ಜಾಸ್ತಿ ಇರಬೇಕಿತ್ತು, ಮೆದುಳಿನ ನಡುಗೆರೆ ಪಕ್ಕಕ್ಕೆ ಸರಿದಿರಬೇಕಿತ್ತು. ಎರಡೂ ಅಷ್ಟಾಗಿ ಇರಲಿಲ್ಲ.

ಕಾಂಟ್ರಾಸ್ಟ್ (ಕಲೆಯನ್ನು ಹೊಳೆಯಿಸಿ ತೋರಿಸುವ ಔಷಧಿ) ಕೊಟ್ಟ ಮೇಲೆ ತೆಗೆದ ಚಿತ್ರಗಳನ್ನು ಒಂದೊಂದಾಗಿ ನೋಡಿದೆ. ಹೊಳೆಯುವ ಅಂಚು ಪೂರ್ತಿ ಸುತ್ತಿರಲಿಲ್ಲ, ಒಡೆದ ಬಳೆಯ ಹಾಗೆ ಒಂದು ಕಡೆ ತೆರೆದಿತ್ತು. ತೆರೆದ ಬಾಯಿ ಮೆದುಳಿನ ಹೊರಪದರದ ಕಡೆಗೆ, ಹೊಳಪು ಒಳಗಿನ ಬಿಳಿ ಭಾಗದ ಕಡೆಗೆ. ಡಿಮೈಲಿನೇಷನ್‌ಗೆ ನಾನು ತುಂಬ ಬೆಲೆ ಕೊಡುವ ಗುರುತು ಇದು. ಗ್ಲಿಯೋಬ್ಲಾಸ್ಟೋಮಾ (ತೀವ್ರ ಬಗೆಯ ಗ್ಲಿಯೋಮಾ), ಕೀವುಗಡ್ಡೆಗಳ ಉಂಗುರ ಸಾಮಾನ್ಯವಾಗಿ ಮುಚ್ಚಿರುತ್ತದೆ. ರಕ್ತದ ಹರಿವು ನೋಡುವ ಪರ್ಫ್ಯೂಷನ್ ಸ್ಕ್ಯಾನ್‌ನಲ್ಲಿ ಕಲೆಯೊಳಗಿನ ರಕ್ತದ ಪ್ರಮಾಣವೂ ಏರಿರಲಿಲ್ಲ.

ಮೊದಲೇ ಮಾಡಿಸಿದ್ದ ಸಿಟಿ ಸ್ಕ್ಯಾನ್ ಕೇಳಿ ತರಿಸಿದೆ. ಸಿಟಿ ಹಳೆಯದೆಂದು ಪಕ್ಕಕ್ಕಿಡಬೇಡಿ. ಎಂಆರ್‌ಐಯಲ್ಲಿ ಹೊಳೆದ ಜಾಗವೇ ಅದರಲ್ಲಿ ಕಪ್ಪಾಗಿತ್ತು. ಲಿಂಫೋಮಾ (ಬಿಳಿ ರಕ್ತಕಣಗಳ ಕ್ಯಾನ್ಸರ್) ಆಗಿದ್ದರೆ ಬಹುತೇಕ ಬೆಳ್ಳಗೆ ಕಾಣುತ್ತಿತ್ತು. ಕಲೆಯೊಳಗಿನ ರಾಸಾಯನಿಕಗಳನ್ನು ಅಳೆಯುವ ಸ್ಪೆಕ್ಟ್ರೋಸ್ಕೋಪಿಯನ್ನು ಮಾತ್ರ ನಾನು ಅಷ್ಟು ನಂಬುವುದಿಲ್ಲ, ಅದರಲ್ಲಿ ನೋಡುವ ಕೋಲೀನ್ ಗಡ್ಡೆ, ಡಿಮೈಲಿನೇಷನ್ ಎರಡರಲ್ಲೂ ಏರುತ್ತದೆ.

ಬೆನ್ನುಹುರಿಯ ಎಂಆರ್‌ಐ ಮಾಡಿಸಿದಾಗ ಕುತ್ತಿಗೆಯ ಮಟ್ಟದಲ್ಲಿ ಇನ್ನೊಂದು ಸಣ್ಣ ಕಲೆ ಸಿಕ್ಕಿತು. ನ್ಯೂರಾಲಜಿಸ್ಟ್‌ಗೆ ಫೋನ್ ಮಾಡಿ ಮಾತಾಡಿದೆ. ಬೆನ್ನುಹುರಿಯ ನೀರಿನ ಪರೀಕ್ಷೆ, ಕೆಲವು ಬಗೆಯ ಡಿಮೈಲಿನೇಷನ್‌ನಲ್ಲಿ ಸಿಗುವ ಎಕ್ಯುಪಿ4 (AQP4) ಮತ್ತು ಮಾಗ್ (MOG) ಆಂಟಿಬಾಡಿಗಳ ಪರೀಕ್ಷೆಗಳನ್ನು ಕಳಿಸಿದ ಮೇಲೆ ಸ್ಟೆರಾಯ್ಡ್ ಶುರುವಾಯಿತು. ಕೆಲವು ವಾರಗಳ ನಂತರದ ಸ್ಕ್ಯಾನ್‌ನಲ್ಲಿ ಕಲೆ ಚೆನ್ನಾಗಿ ಕುಗ್ಗಿತ್ತು, ಕೈಗೂ ಬಲ ಬಂದಿತ್ತು.

ಆದರೆ ಸ್ಟೆರಾಯ್ಡ್‌ಗೆ ಕುಗ್ಗಿತು ಎಂದಷ್ಟಕ್ಕೇ ಡಿಮೈಲಿನೇಷನ್ ಎನ್ನುವಂತಿಲ್ಲ. ಲಿಂಫೋಮಾವೂ ಕುಗ್ಗುತ್ತದೆ, ಆಮೇಲೆ ಬಯಾಪ್ಸಿಯಲ್ಲೂ ಏನೂ ಸಿಗದೆ ಹೋಗಬಹುದು. ಲಿಂಫೋಮಾದ ಅನುಮಾನ ಸ್ವಲ್ಪ ಉಳಿದರೂ, ರೋಗಿಯ ಸ್ಥಿತಿ ಕಾಯುವಂತಿದ್ದರೆ, ಬಯಾಪ್ಸಿ ಆಗುವವರೆಗೆ ಸ್ಟೆರಾಯ್ಡ್ ತಡೆಹಿಡಿಯಿರಿ ಎಂದು ರಿಪೋರ್ಟಿನಲ್ಲೇ ಬರೆಯುತ್ತೇನೆ. ಪೆಥಾಲಜಿಸ್ಟ್‌ಗೂ ‘ಡಿಮೈಲಿನೇಷನ್ ಮನಸ್ಸಿನಲ್ಲಿದೆ, ಮೈಲಿನ್ ಸ್ಟೇನ್ (ಮೈಲಿನ್ ತೋರಿಸುವ ಬಣ್ಣ) ಹಾಕಿ ನೋಡಿ’ ಎಂದು ತಿಳಿಸುತ್ತೇನೆ. ಯಾಕೆಂದರೆ ಡಿಮೈಲಿನೇಷನ್ ಆಗಿದ್ದರೂ ಬಯಾಪ್ಸಿ ತುಣುಕಿನಲ್ಲಿ ಕೋಶಗಳು ಒತ್ತೊತ್ತಾಗಿದ್ದು ಗಡ್ಡೆಯೆಂದೇ ಕಾಣಬಹುದು.