ಬೈಲುಕುಪ್ಪೆಯಲ್ಲಿ ಕೂತು ಟಿಬೆಟ್ಟಿನ ಸುದ್ದಿ ಬರೆದದ್ದು

ಬೈಲುಕುಪ್ಪೆಯಲ್ಲಿ ಕೂತು ಟಿಬೆಟ್ಟಿನ ಗಲಾಟೆ ಬರೆಯುವುದು ಬರೀ ಅಂತೆಕಂತೆ ಅಂತ ಮೈಸೂರಿನ ವರದಿಗಾರ ಗೆಳೆಯರೆಲ್ಲ ಹೇಳುತ್ತಿದ್ದರು. 2024ರ ಫೆಬ್ರವರಿ ಆದಮೇಲೆ ಯಾರೂ ಹಾಗೆ ಹೇಳಿಲ್ಲ.

ಮೊದಲು ಸೋತದ್ದು. 2020ರ ಜೂನ್ ಕೊನೆಗೆ ನಮ್ಮಲ್ಲಿ ವಿಚಾಟ್ ಅನ್ನುವ ಚೀನಾದ ಆ್ಯಪ್ ನಿಷೇಧವಾಗಿ, ಬೈಲುಕುಪ್ಪೆಯ ಟಿಬೆಟನ್ ಕ್ಯಾಂಪಿನ ಮನೆಗಳಿಗೂ ಟಿಬೆಟ್ಟಿನ ಊರುಗಳಿಗೂ ಇದ್ದ ನೇರ ದಾರಿ ಮುಚ್ಚಿತು. ಆಮೇಲೆ ಆಡಿಯೊಗಳು ಎರಡು ಮೂರು ಕೈ ದಾಟಿ ಬರತೊಡಗಿದವು. ಯಾವ ಕೈ ಅಂತ ಹೇಳಲಾರೆ, ಅವರೆಲ್ಲ ಇನ್ನೂ ಅಲ್ಲೇ ಇದ್ದಾರೆ. ಅಂಥದ್ದೊಂದು ಪೂರ್ವ ಟಿಬೆಟ್ಟಿನ ಆಮ್ದೊ ಸೀಮೆಯ ಙಾಬಾ ಕಡೆಯಿಂದ ಬಂತು. ಸ್ವೆಟರ್ ವ್ಯಾಪಾರದ ಹುಡುಗನಿಗೆ 500 ರೂಪಾಯಿ ಕೊಟ್ಟು ಅರ್ಥ ಹೇಳಿಸಿದೆ. "ಐದು ಜನ ಭಿಕ್ಷುಗಳನ್ನ ಹಿಡಿದಿದ್ದಾರೆ ಸಾರ್" ಅಂದ. ಅಚ್ಚಾಯಿತು. ನೋಡಿದರೆ ಐದು ಅಂದದ್ದು ತಾರೀಕು, ಹಿಡಿದಿದ್ದು ಒಬ್ಬನನ್ನು. ತಾರೀಕೂ ಟಿಬೆಟ್ ಪಂಚಾಂಗದ್ದು, ಹಾಗಾಗಿ ನಾನು ಹಾಕಿದ ತಿಂಗಳೂ ತಪ್ಪು. ಹುಡುಗನ ತಪ್ಪಲ್ಲ. ಅವನ ಅಜ್ಜ ಲಾಸಾ ಕಡೆಯವರು, ಆಡಿಯೊದಲ್ಲಿದ್ದದ್ದು ಆಮ್ದೊ ಮಾತು. ಮಂಡ್ಯದವನಿಗೆ ಕುಂದಾಪುರದ ಕನ್ನಡ ಇದಕ್ಕಿಂತ ಎಷ್ಟೋ ಹತ್ತಿರ.

ಅದಕ್ಕಿಂತ ದೊಡ್ಡ ತಪ್ಪು ಊರಿನ ಹೆಸರು ಹಾಕಿದ್ದು. ಅಲ್ಲಿನ ಆ ಭಿಕ್ಷುವಿನ ಮನೆಯವರು ಏಳೆಂಟು ತಿಂಗಳು ಫೋನ್ ಎತ್ತಲಿಲ್ಲ. ಇಲ್ಲಿ ಕ್ಯಾಂಪಿನಲ್ಲಿದ್ದ ಅವನ ಅಣ್ಣ ನನ್ನನ್ನು ಬಯ್ಯಲೂ ಇಲ್ಲ. ಬೆಣ್ಣೆ ಚಹಾ ಬಗ್ಗಿಸಿ ಕೊಟ್ಟು ಫೋನನ್ನೇ ನೋಡುತ್ತ ಕೂತ. ಚಹಾದ ಮೇಲೆ ಬೆಣ್ಣೆ ಹೆಪ್ಪುಗಟ್ಟುವವರೆಗೂ ನನಗೆ ಲೋಟ ಎತ್ತಲಾಗಲಿಲ್ಲ.

ಆಮೇಲೆ ದಾರಿ ಬದಲಿಸಿದೆ. ಇಲ್ಲಿನ ಸೆರಾ ಮಠದ ಭಿಕ್ಷುಗಳು ತವರು ಸೀಮೆ ನೋಡಿಕೊಂಡು ಬೇರೆ ಬೇರೆ ವಸತಿಮನೆಗಳಲ್ಲಿ, ಅಂದರೆ ಖಾಂಗ್‌ತ್ಸೆನ್‌ಗಳಲ್ಲಿ ಇರುತ್ತಾರಲ್ಲ, ಆಡಿಯೊ ಯಾವ ಸೀಮೆಯದೋ ಅದೇ ಸೀಮೆಯ ಇಬ್ಬರಿಗೆ ಬೇರೆ ಬೇರೆ ದಿನ ಕೇಳಿಸುತ್ತೇನೆ. ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಗೊತ್ತಾಗಬಾರದು. ಮೊದಲ ಪ್ರಶ್ನೆ, ಮಾತಾಡಿದವರು ಯಾವ ಕಡೆಯವರು ಅಂತ. ಎರಡನೇ ಪ್ರಶ್ನೆ ನನ್ನಲ್ಲೇ ಇರಲಿ.

2024ರ ಫೆಬ್ರವರಿಯಲ್ಲಿ ಪೂರ್ವ ಟಿಬೆಟ್ಟಿನ ಡೆರ್ಗೆಯ ಜನ ಚೀನಾ ಕಟ್ಟಲು ಹೊರಟ ಕಾಮ್ತೊಕ್ ಅಣೆಕಟ್ಟು ಬೇಡ ಅಂತ ಎದ್ದರು. ಅಲ್ಲಿನ ವೊಂತೊ ಮಠ ನೂರಾರು ವರ್ಷದ ಗೋಡೆಚಿತ್ರಗಳ ಸಮೇತ ಮುಳುಗುತ್ತೆ ಅನ್ನುವ ಸಂಕಟ. ನನ್ನ ಕೈಗೆ ಮೂರು ವಿಡಿಯೊ ಬಂದವು. ಡೆರ್ಗೆ ಕಡೆಯ ವಯಸ್ಸಾದ ಭಿಕ್ಷು ಮೂರನೆಯದನ್ನು ಕಣ್ಣು ಮುಚ್ಚಿ ಕೇಳಿ, "ಅಳುತ್ತಿರೋ ಹೆಂಗಸು ನಮ್ಮ ಕಡೆಯವಳಲ್ಲ" ಅಂದರು. ಇನ್ನೊಬ್ಬರೂ ಅದನ್ನೇ ಹೇಳಿದರು. ಆ ವಿಡಿಯೊ ಕೈಬಿಟ್ಟೆ. ಅದನ್ನು ಹಾಕಿದ ಬೇರೆಯವರು ನಾಲ್ಕು ದಿನಕ್ಕೆ ತೆಗೆಯಬೇಕಾಯಿತು. ನನ್ನ ವರದಿ ಒಂದಕ್ಷರ ತಿದ್ದದೆ ನಿಂತಿದೆ.

ನಡುವೆ ವಿಡಿಯೊದ ಬೆಟ್ಟದ ಗೆರೆಯನ್ನು ಉಪಗ್ರಹ ಚಿತ್ರಕ್ಕೆ ಹೊಂದಿಸಲು ಹೋಗಿ ಎರಡು ವಾರ ಕಳೆದೆ. ಹಿಮ ಬಿದ್ದರೆ ಎಲ್ಲ ಬೆಟ್ಟವೂ ಒಂದೇ. ಮಠದ ಚಾವಣಿಗಳನ್ನು ಎಣಿಸಿದ್ದು ಮಾತ್ರ ಎರಡು ಸಲ ಕೆಲಸಕ್ಕೆ ಬಂತು.

ಭಿಕ್ಷುಗಳು ದುಡ್ಡು ತಗೊಳ್ಳಲ್ಲ, ಹಣ್ಣು, ಚಹಾಪುಡಿ ಒಯ್ಯುತ್ತೇನೆ. ಮೂರು ನಾಲ್ಕು ಸಲದ ಬಸ್ಸು, ಊಟ, ಕನ್ನಡಕ್ಕೆ ತರುವವನ ಕೂಲಿ ಸೇರಿ ಒಂದು ಸುದ್ದಿಗೆ 2,500 ಹತ್ತಿರ ಬೀಳುತ್ತೆ. ಬರುವುದು 800, ಹೆಚ್ಚೆಂದರೆ 1,000. ಉಳಿದದ್ದು ಮದುವೆ ಫೋಟೊ ತೆಗೆದ ದುಡ್ಡಿನಿಂದ. ಚಳಿಗಾಲದಲ್ಲಂತೂ ಅರ್ಧ ಕ್ಯಾಂಪು ಸ್ವೆಟರ್ ಮಾರಲು ಹೋಗಿ, ಕನ್ನಡ ಬಲ್ಲ ಹುಡುಗರೇ ಸಿಗಲ್ಲ.

ನನಗಿರುವ ಹೆದರಿಕೆ ಬೇರೆ. 2008ಕ್ಕೆ ಮುಂಚೆ ವರ್ಷಕ್ಕೆ ಎರಡು ಮೂರು ಸಾವಿರ ಜನ ಗಡಿ ದಾಟಿ ಬರುತ್ತಿದ್ದರು, ಈಗ ಬೆರಳೆಣಿಕೆ. ಇಲ್ಲಿರುವವರ ಕಿವಿಯಲ್ಲಿರುವುದು ಹದಿನೈದಿಪ್ಪತ್ತು ವರ್ಷ ಹಿಂದಿನ ಊರು.

ಹೋದ ತಿಂಗಳು ಬಂದ ಒಂದು ಆಡಿಯೊ ಇನ್ನೂ ಹಾಗೇ ಇಟ್ಟುಕೊಂಡಿದ್ದೇನೆ. ಇಬ್ಬರೂ ನಿಜ ಅಂದಿದ್ದಾರೆ. ಮಾತಾಡಿದ ಹುಡುಗನ ತಾಯಿ ಹೂಂ ಅಂದಿಲ್ಲ.