ರೇಟು ಇಲ್ಲದ ಲಾಟು ಎಲ್ಲಿ ನಿಲ್ಲಬೇಕು?

ಬ್ಯಾಡಗಿಯ ಒಂದು ಮೆಣಸಿನಕಾಯಿ ದಲಾಲಿ ಅಂಗಡಿಗೆ ಹುಬ್ಬಳ್ಳಿಯಲ್ಲಿ ಕೂತು ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆದುಕೊಟ್ಟಿದ್ದೆ. ರೈತರ ಒಂದೊಂದು ರಾಶಿಗೆ, ಅಂದರೆ ಲಾಟಿಗೆ, ರೇಟು ಬೀಳುವ ಟೆಂಡರ್ ಮುಗಿದ ಮೇಲೆ ಅವರಿಗೆ ಒಂದು ಪಟ್ಟಿ ಬೇಕು. ಮೊದಲು ತಳಿ: ಕಡ್ಡಿ ಬೇರೆ, ಡಬ್ಬಿ ಬೇರೆ. ತಳಿಯೊಳಗೆ ಕ್ವಿಂಟಲ್ ರೇಟು, ಜಾಸ್ತಿ ಇದ್ದದ್ದು ಮೇಲೆ. ರೇಟು ಒಂದೇ ಆದರೆ ಲಾಟ್ ನಂಬರ್, ಸಣ್ಣದು ಮೊದಲು.

ಸುಮ್ನೆ ಮೂರನ್ನೂ ಅಂಟಿಸಿ ಒಂದು ಸ್ಟ್ರಿಂಗ್ (ಅಕ್ಷರಗಳ ಸಾಲು) ಮಾಡಿ ಸಾರ್ಟ್ ಮಾಡಿದೆ. ಸ್ಟ್ರಿಂಗ್‌ನ ಲೆಕ್ಕದಲ್ಲಿ 9500 ದೊಡ್ಡದು, 25000 ಸಣ್ಣದು. ಮೊದಲ ಅಕ್ಷರ 9 ಅಲ್ವಾ! ಅದನ್ನು ಅವತ್ತೇ ಕಿತ್ತು ಹಾಕಿದೆ. ತಳಿ ಬೇರೆಯಾದರೆ ಅಲ್ಲಿಗೇ ತೀರ್ಮಾನ, ಒಂದೇ ಆದರೆ ರೇಟು ನೋಡು, ಅದೂ ಒಂದೇ ಆದರೆ ಲಾಟು ನೋಡು ಎಂದು ಬರೆದೆ. 20 ಸಾಲು ಹಾಕಿ ನೋಡಿದೆ, ಸರಿಯಾಗಿತ್ತು.

ಸೋಮವಾರ ಅಂಗಡಿಯಿಂದ ಫೋನ್. ಪ್ರೋಗ್ರಾಮ್ ನಿಂತಿದೆ, 'ಕಂಪ್ಯಾರಿಸನ್ ಮೆಥಡ್ ವಯೊಲೇಟ್ಸ್ ಇಟ್ಸ್ ಜನರಲ್ ಕಾಂಟ್ರಾಕ್ಟ್' ಎನ್ನುತ್ತಿದೆ. ಅಂದರೆ ಯಾವುದು ಮೊದಲು ಎಂದು ಹೋಲಿಸುವ ನನ್ನ ನಿಯಮವೇ ತನ್ನೊಳಗೆ ತಾಳೆಯಾಗುತ್ತಿಲ್ಲ.

ರೇಟು ಒಪ್ಪದೆ ರೈತರು ಉಳಿಸಿಕೊಂಡ ಲಾಟುಗಳಲ್ಲಿ ರೇಟಿನ ಜಾಗ ಖಾಲಿ. ಖಾಲಿ ಇದ್ದರೆ ರೇಟು ಬಿಟ್ಟು ಲಾಟ್ ನಂಬರ್ ನೋಡು ಎಂದು ನಾನೇ ಬರೆದಿದ್ದೆ. ಈಗ ಲಾಟ್ 1ಕ್ಕೆ 9500, ಲಾಟ್ 3 ಖಾಲಿ, ಲಾಟ್ 5ಕ್ಕೆ 25000 ಅನ್ನಿ. ನಂಬರ್ ನೋಡಿದರೆ 1 ಮೂರರ ಮುಂದೆ, 3 ಐದರ ಮುಂದೆ. ರೇಟು ನೋಡಿದರೆ 5 ಒಂದರ ಮುಂದೆ. ಗಾಣದ ಎತ್ತಿನ ಹಾಗೆ ಸುತ್ತುವುದೇ ಆಯಿತು.

20 ಸಾಲಿಗೆ ಯಾಕೆ ಸುಮ್ಮನಿತ್ತು? 32ಕ್ಕಿಂತ ಕಡಿಮೆ ಇದ್ದರೆ ಜಾವಾ ಒಂದೊಂದೇ ಸಾಲನ್ನು ಅದರ ಜಾಗಕ್ಕೆ ತೂರಿಸುತ್ತದೆ, ಈ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಜಾಸ್ತಿ ಇದ್ದರೆ ತುಂಡು ತುಂಡು ಜೋಡಿಸಿ ಬೆಸೆಯುತ್ತದೆ. ಬೆಸೆಯುವಾಗ ಸಿಕ್ಕಿಬೀಳುತ್ತದೆ, ಅದೂ ಪ್ರತಿ ಸಲ ಅಲ್ಲ.

ಅಂಗಡಿಯ ಗುಮಾಸ್ತರನ್ನು ಕೇಳಿದೆ, "ಕಾಕಾ, ರೇಟು ಬೀಳದ ಲಾಟು ಎಲ್ಲಿ ಬರೀತೀರಿ?"

"ಕಡೀಕ ಬರೀತೀವಿ ತಮ್ಮಾ. ಮಾರದ ಮಾಲು ನಡಕ ಯಾಕ ಬರ್ತೈತಿ?"

ಜಾವಾ 8ರಿಂದ ಇದಕ್ಕೆ ಖಾಲಿ ಇದ್ದದ್ದನ್ನು ಕಡೆಗೆ ತಳ್ಳುವ 'ನಲ್ಸ್‌ಲಾಸ್ಟ್' ಇದೆ, ಒಂದೇ ಆದರೆ ಮುಂದೆ ಯಾವುದನ್ನು ನೋಡಬೇಕೆಂದು ಹೇಳಲು 'ದೆನ್‌ಕಂಪೇರಿಂಗ್' ಇದೆ. ಎರಡನ್ನೂ ಹಾಕಿದೆ. ಆದರೆ ಇಳಿಕೆ ಕ್ರಮಕ್ಕೆಂದು, ಇಡೀ ಕ್ರಮವನ್ನು ತಿರುಗಿಸುವ 'ರಿವರ್ಸ್ಡ್' ಅನ್ನು ನಲ್ಸ್‌ಲಾಸ್ಟ್‌ನ ಹೊರಗೆ ಹಚ್ಚಿಬಿಟ್ಟೆ. ಖಾಲಿ ರೇಟೂ ತಿರುಗಿಬಿತ್ತು, ಮಾರದ ಮಾಲೆಲ್ಲ ತಳಿಯ ತಲೆಯ ಮೇಲೆ! ಕಾಕಾ ಪಟ್ಟಿ ನೋಡಿ ನಕ್ಕರು. ರೇಟನ್ನಷ್ಟೇ ಇಳಿಕೆ ಕ್ರಮಕ್ಕೆ ಇಡುವ 'ರಿವರ್ಸ್‌ಆರ್ಡರ್' ಅನ್ನು ನಲ್ಸ್‌ಲಾಸ್ಟ್‌ನ ಒಳಗಿಟ್ಟ ಮೇಲೆ ಅವು ಕಡೆಗೆ ಹೋಗಿ ನಿಂತವು.